ಹೆಬ್ಬೆರಳ ಮೇಲಿನ ಹಾಲು

"ಚೆಂಡು ನೋಡಬ್ಯಾಡ್ರಿ ಹಬೀಬುಲ್ಲಾ, ಕೈ ನೋಡ್ರಿ," ಎಂದರು ಇನ್ಸ್‌ಪೆಕ್ಟರ್ ಸಿದ್ರಾಮಪ್ಪ.

ಕಾನ್‌ಸ್ಟೇಬಲ್ ಹಬೀಬುಲ್ಲಾ ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನೋಡಿದ. ಗೋಲುಗಂಬಗಳ ನಡುವೆ ಮುಜಫ್ಫರ್ ನಿಂತಿದ್ದ. ಸಹಾಯಕ ಕೋಚ್ ಮುನಿಆಂಜಿನಪ್ಪ ಒಂದರ ಬೆನ್ನಿಗೆ ಒಂದು ಚೆಂಡು ಒದೆಯುತ್ತಿದ್ದ. ಮುಜಫ್ಫರ್ ಎಡಕ್ಕೆ ಹಾರಿ ಹಿಡಿದ. ಎದ್ದ. ಎಡಗೈ ಹೆಬ್ಬೆರಳ ಹಿಂಬದಿಯಿಂದ ಹುಬ್ಬಿನ ಬೆವರು ಒರೆಸಿದ. ಬಲಕ್ಕೆ ಹಾರಿ ಹಿಡಿದ. ಎದ್ದ. ಮತ್ತೆ ಅದೇ ಹೆಬ್ಬೆರಳು, ಅದೇ ಹುಬ್ಬು.

"ಪ್ರತೀ ಸಲಾನೂ ಹಂಗೇ ಮಾಡ್ತಾನಲ್ಲ ಸಾರ್!"

"ಅವಗ ಗೊತ್ತಿಲ್ಲದಂಗ ಮಾಡ್ತಾನ. ಉಸಿರಾಡಿದಂಗ."

ಸಿದ್ರಾಮಪ್ಪ ಕಂಕುಳಲ್ಲಿದ್ದ ಕಾಗದದ ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಾಯಿಸಿದರು. ಅದರೊಳಗೆ ಜರ್ಮನಿಯಿಂದ ಬಂದ ಒಂದು ಜೊತೆ ಹೊಸ ಗ್ಲೌಸು. ನಿನ್ನೆ ಬೆಳಿಗ್ಗೆ ಅದನ್ನು ತೊಟ್ಟು ಇದೇ ಗೋಲಿನಲ್ಲಿ ನಿಂತಿದ್ದ ದೇಶದ ತಂಡದ ಮೊದಲ ಆಯ್ಕೆಯ ಗೋಲ್‌ಕೀಪರ್ ಆನಂದಪ್ಪ ಎರಡೂ ಕಣ್ಣು ಮುಚ್ಚಿಕೊಂಡು ಕುಸಿದಿದ್ದ; ಗ್ಲೌಸಿಗೆ ಯಾರೋ ಕಳ್ಳಿಹಾಲು ಸವರಿದ್ದರು.

ಸವರಿದ್ದದ್ದು ಅಂಗೈಗಲ್ಲ. ಬೆರಳ ತುದಿಗಲ್ಲ. ಎಡಗೈ ಹೆಬ್ಬೆರಳ ಹಿಂಬದಿಗೆ ಮಾತ್ರ. ಈ ಮಾತು ಸಿದ್ರಾಮಪ್ಪ ಮತ್ತು ಹಬೀಬುಲ್ಲಾ ಇಬ್ಬರನ್ನು ಬಿಟ್ಟು ಈ ಫುಟ್‌ಬಾಲ್ ತರಬೇತಿ ಶಿಬಿರದಲ್ಲಿ ಇನ್ನಾರಿಗೂ ತಿಳಿದಿರಲಿಲ್ಲ.

ಮೇಲೆ ಯಲಹಂಕದ ವಾಯುನೆಲೆಯ ಪುಟ್ಟ ವಿಮಾನವೊಂದು ಸುತ್ತು ಹಾಕುತ್ತಲೇ ಇತ್ತು. ಇಳಿಯುವುದೂ ಇಲ್ಲ, ಹೋಗುವುದೂ ಇಲ್ಲ. ಸಿದ್ರಾಮಪ್ಪನವರ ಮನಸ್ಸೂ ಬೆಳಗಿನಿಂದ ಹಾಗೆಯೇ ಇತ್ತು. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೆ ತಿರುಗಿ ನೋಡಬೇಕು.

ಆಯ್ಕೆ ಸಮಿತಿಯವರು ದಿಲ್ಲಿಯಿಂದ ಬಂದಿಳಿದಿದ್ದರು. ಸಂಜೆ ಒಂದು ಪರೀಕ್ಷಾ ಪಂದ್ಯ ಆಡಿಸಿ, ನವೆಂಬರಿನಲ್ಲಿ ದಿಲ್ಲಿಯಲ್ಲೇ ನಡೆಯುವ ಏಷ್ಯಾಡಿಗೆ ಇಬ್ಬರು ಗೋಲ್‌ಕೀಪರುಗಳ ಹೆಸರು ಹೇಳಿ ಹೊರಡುವವರು. ಮುಖ್ಯಸ್ಥರು ಖಂಡತುಂಡವಾಗಿ ಹೇಳಿದ್ದರು: ಪೊಲೀಸರ ಅನುಮಾನ ಮೈಮೇಲಿರುವ ಹುಡುಗ ಗೋಲಿನಲ್ಲಿ ನಿಲ್ಲಕೂಡದು. ಸಂಜೆಯೊಳಗೆ ಇನ್ಸ್‌ಪೆಕ್ಟರು ಮಾಡಿದವನು ಅವನೇ ಹೌದು ಎನ್ನಬೇಕು, ಇಲ್ಲವೇ ಅಲ್ಲ ಎನ್ನಬೇಕು.

ಶಿಬಿರದಲ್ಲಿ ಎಲ್ಲರೂ ಆಗಲೇ ಹೌದು ಎಂದುಬಿಟ್ಟಿದ್ದರು. ಮೊದಲನೆಯವನು ಮಲಗಿದರೆ ಜಾಗ ಸಿಗುವುದು ಎರಡನೆಯವನಿಗೆ. ಎರಡನೆಯವನು ಆರ್.ಟಿ. ನಗರದ ಮುಜಫ್ಫರ್. ಮೇಲಾಗಿ ಆ ಗ್ಲೌಸು ವಾರದಿಂದ ಅವನ ಕೈಯಲ್ಲೇ ಇತ್ತು. ಹೊಸ ಗ್ಲೌಸನ್ನು ಕಿರಿಯ ಗೋಲ್‌ಕೀಪರ್ ನೀರಲ್ಲಿ ನೆನೆಸಿ, ತೊಟ್ಟು, ಬೆವರು ಕುಡಿಸಿ, ಪಳಗಿಸಿ ಹಿರಿಯನಿಗೆ ಕೊಡುವುದು ಈ ಶಿಬಿರದ ಪದ್ಧತಿ.

"ಸಾರ್," ಮುಜಫ್ಫರ್ ಗೋಲಿನಿಂದಲೇ ಕೂಗಿದ. ರಂಜಾನಿನ ರೋಜಾ ಉಪವಾಸವಿದ್ದದ್ದರಿಂದ ತುಟಿ ಒಣಗಿತ್ತು. "ಸಾಕಾ? ಇನ್ನೂ ಹಾರ್ಬೇಕಾ? ಸಂಜೆಗೂ ಸ್ವಲ್ಪ ಉಸಿರು ಬೇಕು ಸಾರ್. ಆಡ್ಸೋದಾದ್ರೆ."

ಕೊನೆಯ ಪದಕ್ಕೆ ಬರುವ ಹೊತ್ತಿಗೆ ಅವನ ದನಿ ಒಂದಿಷ್ಟು ಕುಸಿಯಿತು.

"ಸಾಕು ತಮ್ಮಾ. ನೆರಳಿಗೆ ಹೋಗು."

* * *

ಆಸ್ಪತ್ರೆಯಲ್ಲಿ ಆನಂದಪ್ಪ ಕಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಸಿಕೊಂಡು ದಿಂಬಿಗೆ ಒರಗಿದ್ದ. ಯಶವಂತಪುರದ ರೈಲ್ವೆ ಷೆಡ್ಡಿನಲ್ಲಿ ಕೆಲಸ, ಮಾತಿಗೆ ಬಡತನವಿಲ್ಲದ ಮನುಷ್ಯ.

"ಯಾರು, ಇನ್ಸ್‌ಪೆಕ್ಟ್ರಾ? ಕೂತ್ಕೊಳ್ಳಿ ಸಾರ್. ಪಟ್ಟಿ ಬಿಚ್ಚೋವರ್ಗೂ ಏನೂ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ನನ್ ಹೆಂಡ್ತಿ ಒಂದೇ ಅಳು, ಕಣ್ಣು ಹೋದ್ರೆ ಏನ್ರೀ ಮಾಡ್ತೀರ ಅಂತ. ರೆಫರಿ ಆಗ್ತೀನಿ ಬಿಡೇ ಅಂದೆ."

ಅವನೇ ನಕ್ಕ. ನಗು ಅರ್ಧಕ್ಕೆ ನಿಂತಿತು.

"ಆನಂದಪ್ಪಾ, ಆಡೂ ಮುಂದ ಬೆವರು ಬಂದ್ರ ನೀ ಹೆಂಗ ಒರಸ್ತಿ?"

"ಇದೇನ್ ಪ್ರಶ್ನೆ ಸಾರ್? ತೋಳಲ್ಲಿ." ಭುಜ ಎತ್ತಿ ಕೆನ್ನೆಗೆ ಉಜ್ಜಿ ತೋರಿಸಿದ. "ಚಿಕ್ಕಂದಿನಿಂದ ಬರಿಗೈಲಿ ಗೋಲು ಕಾದೋನು ನಾನು. ಜಾರಬಾರ್ದು ಅಂತ ಕೈಗೆ ಮಣ್ಣು ಸವರ್ಕೋತಿದ್ವಿ. ಮಣ್ಣಿನ ಕೈ ಕಣ್ಣಿಗೆ ಹಾಕ್ತಾರಾ?"

"ನಿನ್ನೆ ಯಾಕ ಹಾಕಿದಿ?"

"ಗೋಲಿನ ಮುಂದೆ ನೀರು ನಿಂತಿತ್ತು ಸಾರ್. ಚೆಂಡು ಅಲ್ಲೇ ಬಿದ್ದು ಪುಟಿದು ಕೊಚ್ಚೆಯೆಲ್ಲ ರಪ್ಪಂತ ಮುಖಕ್ಕೆ ಹೊಡೀತು. ಉಜ್ಕೊಂಡ್ಬಿಟ್ಟೆ. ಗ್ರಹಚಾರ."

ಸಿದ್ರಾಮಪ್ಪ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. ಅವರ ಊರು ರೋಣದ ಕಡೆ. ಶ್ರಾವಣ ಬಂತೆಂದರೆ ಗುಡಿಯ ಕಟ್ಟೆಯಲ್ಲಿ ತಿಂಗಳಿಡೀ ಪುರಾಣ ಓದುತ್ತಿದ್ದರು. ಹುಡುಗ ಸಿದ್ರಾಮ ಕಂಬಕ್ಕೆ ಆತುಕೊಂಡು ಕೇಳುತ್ತಿದ್ದ. ಓದುವವರು ರಾಗ ಎಳೆದು ಎಲ್ಲಿ ಉಸಿರು ತಡೆಯುತ್ತಾರೋ ಅಲ್ಲೇ ಪದ್ಯದ ಜೀವವಿರುತ್ತದೆಂದು ಅವರಿಗೆ ಆಗಲೇ ಗೊತ್ತಾಗಿತ್ತು. ಪೊಲೀಸು ಕೆಲಸದಲ್ಲೂ ಅದೇ ಅಭ್ಯಾಸ. ಮಾತಿಗಿಂತ ಮಾತಿನ ನಡುವಿನ ತಡೆಗೆ ಕಿವಿಗೊಡುವರು.

ಆನಂದಪ್ಪನ ಮಾತಿನಲ್ಲಿ ತಡೆಯೇ ಇರಲಿಲ್ಲ. ಹರಿಯುವ ನೀರಿನಂಥ ಮಾತು. ಸುಳ್ಳಿಗೆ ಅಲ್ಲಿ ಜಾಗವಿರಲಿಲ್ಲ.

ಹಾಗಾದರೆ ಆ ಹೆಬ್ಬೆರಳಿಗೆ ಹಾಲು ಸವರಿದವನು ಕಾದದ್ದು ಆನಂದಪ್ಪನ ಕಣ್ಣಿಗಲ್ಲ. ಮುಜಫ್ಫರನ ಕಣ್ಣಿಗೆ.

"ಇನ್ನೊಂದ್ ಮಾತು. ಆ ಗ್ಲೌಸು ಇನ್ನೂ ಪಳಗಿರಲಿಲ್ಲ. ನೀ ಯಾಕ ಹಾಕ್ಕೊಂಡಿ?"

"ಪೇಪರಿನೋರು ಫೋಟೋ ತೆಗೆಯೋಕೆ ಬಂದಿದ್ರು. ಮುಜ್ಜು ರೋಜಾ ಹಿಡ್ದು ರೂಮಲ್ಲಿ ಮಲಗಿದ್ದ. ಗ್ಲೌಸು ಹಗ್ಗದ ಮೇಲಿತ್ತು, ಏರಿಸ್ಕೊಂಡೆ. ಪಾಪ, ಮುನಿಆಂಜಿನಪ್ಪ ಓಡ್ಬಂದು ಹೇಳ್ದ, ಅದ್ ಬ್ಯಾಡ ಕಣಣ್ಣಾ ಹಳೇದೇ ಹಾಕ್ಕೋ ಅಂತ. ನಾನೇ ನಕ್ಬಿಟ್ಟೆ. ಹೊಟ್ಟೆಕಿಚ್ಚೇನೋ ನಿಂಗೆ ಅಂದೆ."

ಸಿದ್ರಾಮಪ್ಪ ಕುರ್ಚಿಯಿಂದ ಎದ್ದದ್ದು ಆನಂದಪ್ಪನ ಕಿವಿಗೆ ಬಿತ್ತು.

"ಯಾಕ್ ಸಾರ್? ಏನಾಯ್ತು?"

"ಏನಿಲ್ಲಪಾ. ನೀ ಆರಾಮ ಮಾಡು."

* * *

ಶಿಬಿರದ ಅಡುಗೆಮನೆಯ ಹಿಂದೆ ಪಿಳ್ಳಣ್ಣ ಬೀನ್ಸು ಬಿಡಿಸುತ್ತ ಕೂತಿದ್ದ. ಅಡುಗೆಯೂ ಅವನದೇ, ಬಟ್ಟೆಬರೆ ನೋಡಿಕೊಳ್ಳುವುದೂ ಅವನದೇ.

"ಮೊನ್ನೆ ಸಂಜೀಗೆ ಏನೇನಾತು, ಮೊದಲಿಂದ ಹೇಳು ಪಿಳ್ಳಣ್ಣ."

"ಏನ್ ಆಗುತ್ತೆ ಸಾಮಿ? ಎಲ್ರೂ ರಂಜಾನ್ ಚಂದ್ರನ್ನೇ ನೋಡ್ತಾ ನಿಂತಿದ್ರು. ಮುಜಫ್ಫರು, ಅವ್ರಕ್ಕ, ಭಾವ, ಎಲ್ಲಾ. ಅಕ್ಕ ಡಬ್ಬಿ ತಂದಿದ್ರು, ಚಂದ್ರ ಕಾಣಿಸಿದ್ರೆ ಬೆಳಗಿನ ಜಾವದ ಸಹರಿ ಊಟಕ್ಕೆ ಆಗ್ಲಿ ಅಂತ. ಸಕತ್ ಮೋಡ. ನಾನೂ ನೋಡ್ದೆ, ಕತ್ತು ನೋವು ಬಂತೇ ಹೊರ್ತು ಚಂದ್ರ ಬರ್ಲಿಲ್ಲ. ಸರಿ, ನಾಳೆ ರೋಜಾ ಇಲ್ಲ ಅಂದ್ಕೊಂಡು ಅಕ್ಕ ಭಾವ ಸ್ಕೂಟ್ರಲ್ಲಿ ಹೊರಟ್ರು. ಮುನಿಆಂಜಿನಪ್ಪಾನೂ ಸೈಕಲ್ ಹತ್ತಿದ್ರು."

"ಆಮ್ಯಾಲ?"

"ಎಲ್ರೂ ಹೋಗಿ ಊಟ ಆದ್ಮೇಲೆ ಮಸೀದೀಲಿ ಕೂಗಿದ್ರು. ಬೇರೆ ಊರಲ್ಲಿ ಚಂದ್ರ ಕಾಣಿಸಿದ್ದಾನಂತೆ, ಗೊತ್ತಾಯ್ತಂತೆ, ನಾಳೇನೇ ರೋಜಾ ಅಂತ. ನಾನೇ ಹೋಗಿ ಹುಡುಗನ್ನ ಎಬ್ಬಿಸಿ ಹೇಳ್ದೆ."

ಸಿದ್ರಾಮಪ್ಪ ಅಲ್ಲೇ ಒರಳುಕಲ್ಲಿನ ಮೇಲೆ ಕೂತರು. ಕೂತು ಮತ್ತೆ ಎದ್ದರು.

ಕೋಚ್ ಮಾಡಿದ್ದ ಏರ್ಪಾಡು ಶಿಬಿರಕ್ಕೆಲ್ಲ ತಿಳಿದದ್ದೇ. ರೋಜಾ ಇಲ್ಲದ ದಿನ ಮುಜಫ್ಫರ್ ಬೆಳಿಗ್ಗೆ ಆಡುವುದು. ರೋಜಾ ಇದ್ದ ದಿನ ಬೆಳಿಗ್ಗೆ ಮಲಗಿ ಸಂಜೆ ಆಡುವುದು. ಹಾಲು ಸವರಿದವನು ಬೆಳಿಗ್ಗೆ ಮುಜಫ್ಫರನೇ ಗೋಲಿನಲ್ಲಿರುತ್ತಾನೆಂದು ನಂಬಿ ಸವರಿದ್ದ. ಮೋಡವನ್ನು ನಂಬಿದ್ದ. ಚಂದ್ರನ ಸುದ್ದಿ ಬರುವ ಮೊದಲೇ ಶಿಬಿರ ಬಿಟ್ಟು ಹೋಗಿದ್ದ.

ಹಾಗೆ ಹೋದವರು ಮೂವರು. ಅದರಲ್ಲಿ ಒಬ್ಬ ಬೆಳಿಗ್ಗೆ ಓಡಿ ಬಂದು ಆ ಗ್ಲೌಸು ಬೇಡವೆಂದಿದ್ದ.

ಮುನಿಆಂಜಿನಪ್ಪನ ತಂಗಿಯ ಮಗ ಶಿಬಿರದ ಮೂರನೇ ಗೋಲ್‌ಕೀಪರ್. ಮುಜಫ್ಫರನ ಕಣ್ಣು ಕೆಟ್ಟರೆ ದಿಲ್ಲಿಗೆ ಹೋಗುವವನು ಅವನೇ.

* * *

ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮುಗಿದಿತ್ತು. ಶಾಮಿಯಾನದ ಕೆಳಗೆ ಆಯ್ಕೆ ಸಮಿತಿಯವರು ಚಹಾ ಕುಡಿಯುತ್ತ ಗಳಿಗೆಗೊಮ್ಮೆ ಸಿದ್ರಾಮಪ್ಪನವರ ಕಡೆ ನೋಡುತ್ತಿದ್ದರು. ಆಟಗಾರರು ಸುಮ್ಮನೆ ನಿಲ್ಲಲಾರದೆ ನಿಂತಲ್ಲೇ ಕುಣಿಯುತ್ತಿದ್ದರು. ಬಳ್ಳಾರಿ ರಸ್ತೆಯಲ್ಲಿ ಲಾರಿಗಳ ಹಾರನ್ನು.

ಮುನಿಆಂಜಿನಪ್ಪ ಗೋಲಿನ ಬಲೆ ಬಿಗಿಯುತ್ತಿದ್ದ. ಸಿದ್ರಾಮಪ್ಪ ಹಿಂದಿನಿಂದ ಬಂದು ಬಲೆಯ ಇನ್ನೊಂದು ತುದಿ ಹಿಡಿದರು.

"ಮೊನ್ನೆ ಸಂಜೀಗೆ ಲಗೂನ ಮನೀಗೆ ಹೋದ್ರಂತ?"

"ದೀಪ ಅಚ್ಚೋ ವೊತ್ಗೆ ಓದೆ ಸಾ. ಯಾಕೆ?"

"ಮರದಿವ್ಸ ರೋಜಾ ಅಂತ ಗೊತ್ತಿತ್ತೇನು?"

"ಎಂಗ್ ಗೊತ್ತಾಯ್ತದೆ? ಮೋಡ ಇತ್ತು. ಅಲ್ಲಾಳಸಂದ್ರದಾಗೆ ನಮ್ಮನೆತಾವ ಮಸೀದಿ ಕೂಗು ಕೇಳಾಕಿಲ್ಲ. ಬೆಳಿಗ್ಗೆ ಬಂದ್ಮ್ಯಾಕೇ ಗೊತ್ತಾಗಿದ್ದು."

"ಅಂದ್ರ ಬೆಳಿಗ್ಗೆ ಮುಜಫ್ಫರ್ ಆಡ್ತಾನ ಅಂತ ತಿಳಕೊಂಡು ಬಂದ್ರಿ. ಬಂದು ನೋಡಿದ್ರ ಹೊಸಾ ಗ್ಲೌಸು ಆನಂದಪ್ಪನ ಕೈಯಾಗ. ಓಡಿ ಹೋಗಿ ಬ್ಯಾಡ ಅಂದ್ರಿ. ಯಾಕ?"

ಮುನಿಆಂಜಿನಪ್ಪನ ಕೈ ಹಗ್ಗದ ಗಂಟಿನ ಮೇಲೆ ನಿಂತಿತು.

"ಒಸಾದು. ಕೈ ಜಾರ್ತದೆ ಅಂತ."

"ವಾರದಿಂದ ಮುಜಫ್ಫರ್ ಹಾಕ್ಕೊಂಡು ಆಡ್ಯಾನ. ಅವನ ಕೈ ಜಾರಿದ್ರ ನಡೀತಿತ್ತೇನು?"

ಮುನಿಆಂಜಿನಪ್ಪ ಬಿಗಿದ ಗಂಟನ್ನೇ ಮತ್ತೆ ಬಿಗಿದ.

"ನಿಮ್ಮ ತಂಗಿ ಮಗನೂ ಗೋಲಿ ಅಲ್ಲೇನ್ರಿ?"

ಮುನಿಆಂಜಿನಪ್ಪ ಹಗ್ಗ ಬಿಟ್ಟು ತಿರುಗಿದ. ಮುಖ ಕೆಂಪಗಾಗಿತ್ತು.

"ನೋಡಿ ಸಾ, ಇನ್ನೇನಾದ್ರೂ ಅನ್ನಿ, ಅದೊಂದ್ ಅನ್ಬ್ಯಾಡಿ. ಮುಜಫ್ಫರಂಗೆ ಡೈವು ಕಲ್ಸಿದೋನು ಈ ಮುನಿಆಂಜಿನಪ್ಪ! ಆರ್‌ಟಿ ನಗರದ ಬಯಲಾಗೆ ಕಲ್ಲಿನ ಮ್ಯಾಲೆ ಬಿದ್ದು ಬಿದ್ದು ಮೊಣಕೈ ಕಿತ್ಕೊಂಡಿದ್ದ ಉಡುಗನ್ನ ಇಲ್ಲಿಗ್ ಎಳ್ಕಂಬಂದೋನು ನಾನು. ನನ್ ತಂಗಿ ಮಗ ಗೋಡೆ ಇದ್ದಂಗವ್ನೆ. ಚೆಂಡೇ ಬಂದು ತಗುಲ್ಬೇಕು. ಆ ಗೋಡೆಗೋಸ್ಕರ ಒಬ್ಬನ ಕಣ್ ಕೀಳ್ತೀನಾ?"

"ಹಂಗಾದ್ರ ಗ್ಲೌಸಿನಾಗ ಏನೋ ಐತಿ ಅಂತ ನಿಮಗ ಹೆಂಗ ಗೊತ್ತಾತು?"

"ನಂಗ್ ಗೊತ್ತಿರ್ನಿಲ್ಲ."

"ಮತ್ತ?"

ಇಲ್ಲಿ ಮುನಿಆಂಜಿನಪ್ಪ ಉಸಿರು ತಡೆದ. ಸಿದ್ರಾಮಪ್ಪ ಕಾದರು. ಕಂಬಕ್ಕೆ ಆತುಕೊಂಡು ಮುಂದಿನ ಸಾಲಿಗೆ ಕಾಯುತ್ತಿದ್ದ ಹುಡುಗನ ಹಾಗೆ ಕಾದರು.

"ಒಬ್ಳು ಏಳಿದ್ಲು ಸಾ."

"ಯಾರು?"

"ಬುರ್ಖಾ ಆಕ್ಕೊಂಡಿದ್ದ ಎಣ್ಮಗಳು. ನಾನು ಸೈಕಲ್ ಇಳಿಯೋ ವೊತ್ಗೆ ಗೇಟ್ತಾವ ನಿಂತಿದ್ಲು. ಒಳಕ್ ಬರ್ನಿಲ್ಲ. ಅಣ್ಣಾ, ಆ ಒಸಾ ಗ್ಲೌಸು ಇವತ್ತು ಯಾರೂ ಆಕ್ಕೋಬಾರ್ದು, ಒಲೆಗ್ ಆಕ್ಬಿಡಿ ಅಂದ್ಲು. ನಡುಗ್ತಾ ಇದ್ಲು. ಏನಮ್ಮಾ ಸಮಾಚಾರ ಅಂತ ಕೇಳೋದ್ರಾಗೆ ಇಂದೆ ಒಂದ್ ಸ್ಕೂಟ್ರು ಬಂತು, ಅತ್ಕಂಡು ಒಂಟೋದ್ಲು. ಓಡ್ಸೋನ ಬೆನ್ನಷ್ಟೇ ಕಾಣಿಸ್ತು."

"ಮುಖ ನೋಡಿದ್ರೇನು?"

"ಇಲ್ಲ ಸಾ. ಕೈ ನೋಡ್ದೆ. ಬೆರಳ್ಗೆಲ್ಲ ಬಟ್ಟೆ ಸುತ್ಕೊಂಡಿದ್ಲು. ಸುಟ್ಕೊಂಡೋರು ಸುತ್ಕೊಳ್ಳಲ್ವಾ, ಅಂಗೆ."

ಕಳ್ಳಿಹಾಲು ತಾಗಿದ ಬೆರಳು ಬೊಬ್ಬೆ ಏಳುತ್ತದೆ. ಸಿದ್ರಾಮಪ್ಪ ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

"ನಿನ್ನೆಯಿಂದ ಬಾಯಿ ಮುಚ್ಕೊಂಡು ಯಾಕ ಕುಂತ್ರಿ?"

"ಏಳಿದ್ರೆ ಏನಂತಾರೆ? ಮೊದ್ಲೇ ಗೊತ್ತಿತ್ತು, ಆದ್ರೂ ಕೈಯಿಂದ ಕಿತ್ಕೊಳ್ನಿಲ್ಲ ಅಂತಾರೆ. ನಿಜ ಅದು. ಆನಂದಪ್ಪ ನಕ್ಬಿಟ್ಟ. ನಾನೂ ನಕ್ಬಿಟ್ಟೆ ಸಾ."

ಹಿಂದೆ ಏನೋ ಬಿದ್ದ ಸದ್ದಾಯಿತು. ಇಬ್ಬರೂ ತಿರುಗಿದರು. ಮುಜಫ್ಫರ್ ನಿಂತಿದ್ದ. ಅವನ ಕೈಯಿಂದ ಜಾರಿದ ಚೆಂಡು ಸುಣ್ಣದ ಗೆರೆ ದಾಟಿ ಉರುಳುತ್ತಿತ್ತು.

"ನಾನೇ ಸಾರ್," ಎಂದ.

"ಏನು ನೀನು?"

"ಹಾಲು ಸವರಿದ್ದು ನಾನೇ. ಆ ಹೆಂಗಸು, ಗಿಂಗಸು ಎಲ್ಲಾ ಸುಳ್ಳು. ಬಿಟ್ಬಿಡಿ ಅದನ್ನ. ಜಾಗ ಬೇಕಿತ್ತು ನಂಗೆ. ಬರ್ಕೊಳ್ಳಿ."

"ಲೇ ಮಗಾ!" ಮುನಿಆಂಜಿನಪ್ಪ ಚೀರಿದ. "ತಲೆ ಕೆಟ್ಟೈತಾ ನಿಂಗೆ? ರೋಜಾ ಇಡ್ದು ಸುಳ್ಳಾಡ್ತೀಯಾ?"

ಆ ಮಾತಿಗೆ ಮುಜಫ್ಫರನ ಕಣ್ಣು ತುಂಬಿತು. ಆದರೆ ತಲೆ ತಗ್ಗಿಸಲಿಲ್ಲ.

ಕೂಗು ಕೇಳಿ ಶಾಮಿಯಾನದಿಂದ ಮುಖ್ಯಸ್ಥರು ಎದ್ದು ಬಂದರು. ಹುಡುಗ ಒಪ್ಪಿಕೊಂಡನೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸಿದ್ರಾಮಪ್ಪ ಒಂದು ಗಳಿಗೆ ತಾಳಿರೆಂದು ಕೈಸನ್ನೆ ಮಾಡಿದರು.

"ಮುಜಫ್ಫರ್, ನನ್ನ ನೋಡು. ಎಲ್ಲಿ ಸವರಿದಿ?"

"ಗ್ಲೌಸಿಗೆ."

"ಗ್ಲೌಸಿನಾಗ ಎಲ್ಲಿ?"

ಹುಡುಗ ತನ್ನ ಕೈಯನ್ನೇ ನೋಡಿಕೊಂಡ. ಪರೀಕ್ಷೆಯಲ್ಲಿ ಪಾಠ ಮರೆತವನ ಹಾಗೆ ನೋಡಿಕೊಂಡ.

"ಅಂಗೈಗೆ. ಎರಡೂ ಅಂಗೈಗೆ ಸಾರ್."

ಸಿದ್ರಾಮಪ್ಪ ಮುಖ್ಯಸ್ಥರ ಕಡೆ ತಿರುಗಿದರು. ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ, ಆದರೆ ಒಂದೊಂದು ಮಾತನ್ನೂ ಊರಿ ಹೇಳಿದರು: ಇವನಲ್ಲ. ಹಾಲು ಎಲ್ಲಿತ್ತೆಂಬುದೇ ಇವನಿಗೆ ಗೊತ್ತಿಲ್ಲ. ಅದನ್ನು ಸವರಿದ್ದು ಇವನ ಕಣ್ಣು ಕಳೆಯಲಿಕ್ಕೆ. ನನ್ನ ಕೆಲಸ ಹೋದರೂ ಹೋಗಲಿ, ಈ ಹುಡುಗ ಗೋಲಿನಲ್ಲಿ ನಿಲ್ಲಬೇಕು.

ಮುಖ್ಯಸ್ಥರು ಅವರನ್ನೇ ನೋಡಿದರು. ಬಳಿಕ ತಲೆಯಾಡಿಸಿ ಶಾಮಿಯಾನಕ್ಕೆ ಹಿಂತಿರುಗಿದರು. ನಿಲ್ಲಲಿ ಎಂದು ಹೇಳಿಯೇ ಹೋದರು.

"ಕೇಳಿದೇನು? ಹೋಗು. ಬನಿಯನ್ ಬದಲಿ ಮಾಡು," ಎಂದರು ಸಿದ್ರಾಮಪ್ಪ. ಮುನಿಆಂಜಿನಪ್ಪ ಹುಡುಗನ ಬೆನ್ನಿಗೆ ಒಂದು ಗುದ್ದು ಕೊಟ್ಟ; ಪ್ರೀತಿಯ ಗುದ್ದು, ಆದರೆ ಸದ್ದು ಜೋರಾಗಿಯೇ ಬಂತು.

ಮುಜಫ್ಫರ್ ಮಾತ್ರ ಕದಲಲಿಲ್ಲ.

"ಸಾರ್, ನಮ್ಮಕ್ಕ... ಕುಲ್ಸುಮಾಪಾ... ಅವರನ್ನ ಸ್ಟೇಷನ್‌ಗೆ ಕರೀಬೇಡಿ ಸಾರ್. ಅಮ್ಮ ಹೋದ್ಮೇಲೆ ನನ್ನ ಸಾಕಿದ್ದೇ ಅವ್ರು. ಅವ್ರ ಕೈಯಿಂದ ಇಂಥದ್ದು ಆಗಲ್ಲ."

"ಆಕೀನ ಅಂತ ನಾ ಹೇಳಿಲ್ಲ. ಒಂದು ಮಾತು ಕೇಳಬೇಕು ಅಷ್ಟ. ಅದೂ ನಿಮ್ಮ ಮನ್ಯಾಗ, ನಿನ್ನ ಎದುರಿಗೇ. ಈಗ ಆಡು."

ಆಗ ಹುಡುಗನ ಮುಖದಲ್ಲಿ ನಿನ್ನೆಯಿಂದ ಇಲ್ಲದ ಒಂದು ಕಳೆ ಬಂತು. ಬಗ್ಗಿ ಬೂಟಿನ ದಾರ ಬಿಗಿದ. ಗೋಲುಗಂಬವನ್ನು ಒಮ್ಮೆ ಮುಟ್ಟಿದ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಒಂದು ಸ್ಕೂಟರು ಹುಲ್ಲಿನ ಮೇಲೆಯೇ ಬಂದು ನಿಂತಿತು. ಇಂಜಿನ್ನು ಆರಿಸದೆ ಅದರ ಮೇಲೆ ಕೂತವನು ಮುಜಫ್ಫರನ ಭಾವ, ಕುಲ್ಸುಮಳ ಗಂಡ ವಹಾಬ್. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ವ್ಯಾಪಾರಿ. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ, ಕೆದರಿದ ಕೂದಲು.

"ಏನ್ ಮುಜ್ಜು, ಅಕ್ಕನ್ನ ಇಲ್ಲೇ ಇಟ್ಕೊಂಡಿದ್ದೀಯಾ? ಹೇಳಿ ಕಳಿಸ್ಬಾರ್ದಾ?"

"ಆಪಾನಾ? ಇಲ್ಲೆಲ್ಲಿ ಭಾಯ್?"

"ತಮಾಷೆ ಬೇಡ. ನಿನ್ನೆ ಬೆಳಿಗ್ಗೆ ನಿನ್ನ ನೋಡ್ಕೊಂಡ್ ಬರ್ತೀನಿ ಅಂತ ಒಬ್ಳೇ ಬಸ್ ಹತ್ತಿದೋಳು. ರಾತ್ರಿ ಬರ್ಲಿಲ್ಲ. ತಮ್ಮನ ಗಲಾಟೇಲಿ ಉಳ್ಕೊಂಡಿರ್ಬೇಕು ಅಂದ್ಕೊಂಡೆ. ಇವತ್ತೂ ಬರ್ಲಿಲ್ಲ."

ಮುಜಫ್ಫರ್ ಬಿಳುಚಿಕೊಂಡ. "ನನ್ನತ್ರ ಬಂದೇ ಇಲ್ಲ. ನಾನ್ ನೋಡೇ ಇಲ್ಲ ಆಪಾನ. ಯಾ ಅಲ್ಲಾ, ಎಲ್ ಹೋದ್ರು?"

ರೆಫರಿ ಸೀಟಿ ಊದಿದ. ಮೈಕಿನಲ್ಲಿ ತಂಡದ ಹೆಸರುಗಳನ್ನು ಕರೆಯತೊಡಗಿದರು. ಮೊದಲ ಹೆಸರೇ ಗೋಲ್‌ಕೀಪರನದು.

"ಮುಜಫ್ಫರ್!" ಎಂದಿತು ಮೈಕು.

ಹುಡುಗ ಗೋಲಿನ ಕಡೆ ನೋಡಿದ. ಭಾವನ ಕಡೆ ನೋಡಿದ. ಎಷ್ಟೋ ವರ್ಷ ಕಲ್ಲಿನ ಮೇಲೆ ಬಿದ್ದು ಬಿದ್ದು ಬಂದು ತಲುಪಿದ ಜಾಗ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು.

"ತಮ್ಮಾ, ನಿಲ್ಲು! ಹುಡುಕೂದು ನನ್ನ ಕೆಲಸ. ನೀ ಆಟ ಬಿಟ್ಟು ಹೋಗಬ್ಯಾಡ," ಸಿದ್ರಾಮಪ್ಪ ಕೂಗುತ್ತಿದ್ದಂತೆಯೇ ಮುಜಫ್ಫರ್ ಓಡಿ ಸ್ಕೂಟರಿನ ಹಿಂದಿನ ಸೀಟಿಗೆ ನೆಗೆದಿದ್ದ.

"ನಡೀರಿ ಭಾಯ್. ಮೊದ್ಲು ಆರ್‌ಟಿ ನಗರದ ನಮ್ಮನೆ ಕಡೆ ನೋಡೋಣ, ಆಮೇಲೆ ಚಿಕ್ಕಬಾಣಾವರದ ಖಾಲಾ ಮನೆ. ಬೇಗ!"

ಸ್ಕೂಟರು ಹೊಗೆಯುಗುಳಿ ತಿರುಗಿತು.

"ಮುಜಫ್ಫರ್!" ಮೈಕು ಮತ್ತೊಮ್ಮೆ ಕರೆಯಿತು. ಶಾಮಿಯಾನದಲ್ಲಿ ಮುಖ್ಯಸ್ಥರು ಎದ್ದು ನಿಂತು ಬರಿದಾದ ಗೋಲಿನ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದರು.

ಮುನಿಆಂಜಿನಪ್ಪ ಇನ್ಸ್‌ಪೆಕ್ಟರ ತೋಳು ಹಿಡಿದುಕೊಂಡ. ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದುಕೊಂಡ.

"ಸಾ... ಒಬ್ಳೇ ಬಸ್ ಅತ್ತಿದ್ಲು ಅಂದ್ನಲ್ಲ ಅವ್ನು..."

"ಹೂಂ?"

"ಸುಳ್ಳು ಸಾ. ನಿನ್ನೆ ಗೇಟಿಂದ ಆವಮ್ಮನ್ನ ಕೂರಿಸ್ಕೊಂಡು ಓಗಿದ್ದು ಇವ್ನೇ. ಇದೇ ಬೆನ್ನು, ಇದೇ ಸ್ಕೂಟ್ರು."

"ಹಬೀಬುಲ್ಲಾ, ಜೀಪ್ ತೆಗೀರಿ!"

ಮೋಡವನ್ನು ನಂಬಿ ಶಿಬಿರ ಬಿಟ್ಟ ಮೂವರಲ್ಲಿ ವಹಾಬನೂ ಒಬ್ಬ. ಸಿದ್ರಾಮಪ್ಪ ಗೇಟಿನವರೆಗೂ ಓಡಿದರು. ಎಡಕ್ಕೆ ಹೆಬ್ಬಾಳ, ಅದರಾಚೆ ಆರ್.ಟಿ. ನಗರ. ಆ ದಾರಿಯಲ್ಲಿ ಒಂದು ಬಸ್ಸು ಮತ್ತು ಹುಲ್ಲಿನ ಗಾಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಸ್ಕೂಟರು ಬಲಕ್ಕೆ ತಿರುಗಿತ್ತು. ದೇವನಹಳ್ಳಿಯ ಕಡೆಗೆ ಅದು ಚಿಕ್ಕದಾಗುತ್ತ ಹೋಗುತ್ತಿತ್ತು. ಹಿಂದೆ ಕೂತ ಹುಡುಗ, ದಾರಿ ತಪ್ಪಿತಲ್ಲ ಭಾಯ್ ಎನ್ನುವಂತೆ, ಮುಂದೆ ಕೂತವನ ಭುಜ ತಟ್ಟುತ್ತಿದ್ದ.

ವಹಾಬ್ ತಿರುಗಿ ನೋಡಲಿಲ್ಲ.